ಮುಖವಿಲ್ಲದ ಅವ್ವನ ಚಿತ್ರ

ಬಹಳ ಬಹಳ ಹಿಂದೆ ಮುಗಿಲಕೋಟೆ ಎಂಬುದೊಂದು ರಾಜ್ಯ. ಅದನ್ನು ಆಳುತ್ತಿದ್ದವನು ಸೋಮಾಂಕ ಎಂಬ ರಾಜ. ರಾಜ ಕೆಟ್ಟವನೇನಲ್ಲ. ಆದರೆ ಯಾರು ಗಟ್ಟಿ ದನಿಯಲ್ಲಿ ಮಾತಾಡಿದರೂ ಅವರು ಹೇಳಿದ್ದೇ ಸರಿ ಎಂದು ತಲೆದೂಗುತ್ತಿದ್ದ. ರಾಜ ಕೆಟ್ಟವನಾದರೆ ಜನ ಎಚ್ಚರವಾಗಿರುತ್ತಾರೆ. ಇಂಥ ತಲೆದೂಗುವ ರಾಜನನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ? ಈ ಕತೆಯ ಮಾಂತ್ರಿಕನ ಮೇಲೆ ನನಗೆಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ಈ ರಾಜನ ಮೇಲೂ ಇದೆ.

ಮುಗಿಲಕೋಟೆಯಲ್ಲಿ ಚಿತ್ರಗಾರರ ಓಣಿ ಇತ್ತು. ಅಲ್ಲಿನವರು ಕಲ್ಲು ಅರೆದು ಬಣ್ಣ ಮಾಡುತ್ತಿದ್ದರು, ಹುಣಸೆ ಬೀಜ ಕುದಿಸಿ ಅಂಟು ಮಾಡುತ್ತಿದ್ದರು, ಹಲಗೆಗೆ ಬಿಳಿಮಣ್ಣು ಬಳಿದು ಚಿತ್ರ ಬರೆಯುತ್ತಿದ್ದರು. ಅವರು ಮಲ್ಲಿಗೆ ಬರೆದರೆ ದುಂಬಿ ಬರುತ್ತಿತ್ತು. ಹಾವು ಬರೆದರೆ ಮುಂಗುಸಿ ಬರುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುವುದೇ ಅವರ ಹೆಮ್ಮೆ. ಆ ಹೆಮ್ಮೆಗೆ ಕಡಿವಾಣ ಹಾಕಲು ಒಂದು ಕಟ್ಟಳೆ ಇತ್ತು. ಬದುಕಿರುವ ಮನುಷ್ಯರ ಚಿತ್ರ ಬರೆದರೆ ಎಡಗಣ್ಣಿಗೆ ಕರಿಗುಡ್ಡೆ ಇಡಬಾರದು. ಅದು ಜೀವಕ್ಕೆ ಬಿಟ್ಟ ಜಾಗ ಎಂದು ಹಿರಿಯರು ಹೇಳುತ್ತಿದ್ದರು.

ಆ ಓಣಿಯ ಕೊನೆಯ ಮನೆಯಲ್ಲಿ ದ್ಯಾಮವ್ವ ಎಂಬ ಹೆಂಗಸು ತನ್ನ ಮಗಳು ಗಾಳೆವ್ವನ ಜೊತೆ ಇದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಬಣ್ಣ ಅರೆದು ಮಗಳನ್ನು ಸಾಕಿದವಳು ಅವಳು. ಬಾಯಿ ಜೋರು. ಬೆಳಗ್ಗೆ ಎದ್ದರೆ ಕೋಳಿಗೆ ಬೈಯುತ್ತಿದ್ದಳು, ಒಲೆಗೆ ಬೈಯುತ್ತಿದ್ದಳು, ಅಂಟು ತೆಳ್ಳಗಾದರೆ ಮಗಳಿಗೆ ಬೈಯುತ್ತಿದ್ದಳು. ಬೈದುಕೊಂಡೇ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಮಗಳ ಮುಂದೆ ತಳ್ಳುತ್ತಿದ್ದಳು. ಗಾಳೆವ್ವನ ಕೈ ಓಣಿಯಲ್ಲೇ ಚುರುಕು. ಅವಳು ಒಮ್ಮೆ ಗೆರೆ ಎಳೆದರೆ ತಿದ್ದುವ ಮಾತೇ ಇರಲಿಲ್ಲ.

ಹೀಗಿರುವಾಗ ಆ ರಾಜ್ಯಕ್ಕೆ ಪಡಿಯಚ್ಚ ಎಂಬ ಮಾಂತ್ರಿಕ ಬಂದ. ಅವನು ರಾಜಸಭೆಯಲ್ಲಿ ನಿಂತು, "ಮಹಾರಾಜ, ನಿನ್ನ ರಾಜ್ಯದಲ್ಲಿ ಇರುವುದೆಲ್ಲವನ್ನೂ ಚಿತ್ರವಾಗಿ ಬರೆಸಿ ನನಗೆ ಕೊಡು. ನಾನು ಅದನ್ನು ಯುಗಯುಗಾಂತರ ಕಾಪಾಡುತ್ತೇನೆ" ಎಂದ. ಗಟ್ಟಿಯಾಗಿಯೇ ಹೇಳಿದ. ರಾಜ ತಲೆದೂಗಿದ.

ಪಡಿಯಚ್ಚನ ಮಂತ್ರ ಬಹಳ ಸರಳ. ಅವನು ಚಿತ್ರದ ಮುಂದೆ ನಿಂತು, "ಇದೇನು?" ಎಂದು ಕೇಳುತ್ತಿದ್ದ. ಬರೆದವರು "ಮಾವಿನ ಮರ" ಎನ್ನುತ್ತಿದ್ದರು. "ಮಾವಿನ ಮರವೇ, ಬಾ" ಎಂದು ಅವನು ಕರೆಯುತ್ತಿದ್ದ. ಕರೆದ ಕೂಡಲೇ ಹೊರಗೆ ಬೆಳೆದು ನಿಂತಿದ್ದ ಮಾವಿನ ಮರದ ಜೀವವೆಲ್ಲ ಚಿತ್ರದೊಳಕ್ಕೆ ಬಂದು ಸೇರುತ್ತಿತ್ತು. ಹೊರಗಿನ ಮರ ಬೂದು ಬಣ್ಣಕ್ಕೆ ತಿರುಗಿ ನಿಲ್ಲುತ್ತಿತ್ತು. ಅದರ ಹಣ್ಣು ಕಚ್ಚಿದರೆ ಸಿಹಿಯೂ ಇಲ್ಲ, ಹುಳಿಯೂ ಇಲ್ಲ. ಚಿತ್ರವನ್ನು ಮಾತ್ರ ಪಡಿಯಚ್ಚ ಬೆಟ್ಟದ ಮೇಲಿನ ತನ್ನ ಮನೆಗೆ ಒಯ್ದು ಗೋಡೆಗೆ ನೇತು ಹಾಕಿಕೊಳ್ಳುತ್ತಿದ್ದ. ಹೀಗೆ ಬಾವಿಯ ತಂಪು ಹೋಯಿತು. ಹಸುವಿನ ಹಾಲಿನ ಕೆನೆ ಹೋಯಿತು. ಮಲ್ಲಿಗೆಯ ವಾಸನೆ ಹೋಯಿತು.

ಇಷ್ಟಾದರೂ ಚಿತ್ರಗಾರರು ಬರೆಯುವುದು ಬಿಟ್ಟರೇ? ಬಿಡಲಿಲ್ಲ! "ನಾ ಬರೆದ ಬಾವಿ ನೋಡಿ ಅವನು ಎಷ್ಟು ಹೊಗಳಿದ ಗೊತ್ತೇನು?" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ತಿರುಗಿದರು. ಮಜ್ಜಿಗೆ ನೀರಾಗಿದ್ದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಹೊಗಳಿಕೆ ಸಿಕ್ಕರೆ ಮನೆಗೆ ಬೆಂಕಿ ಬಿದ್ದರೂ ಬಿಸಿ ತಾಗದ ಜನ ಆಗಲೂ ಇದ್ದರು.

ಮನುಷ್ಯರನ್ನು ಮಾತ್ರ ಪಡಿಯಚ್ಚನಿಗೆ ಕರೆಯಲು ಆಗುತ್ತಿರಲಿಲ್ಲ. ಎಡಗಣ್ಣಿನ ಆ ಖಾಲಿ ಜಾಗ ಅವನಿಗೆ ಅಡ್ಡ ಬರುತ್ತಿತ್ತು. ಅದಕ್ಕೆ ಅವನು ರಾಜನಿಂದ ಒಂದು ಡಂಗುರ ಸಾರಿಸಿದ. ಬದುಕಿರುವ ಮನುಷ್ಯರನ್ನು ಎರಡು ಕಣ್ಣೂ ತುಂಬಿ ಯಾರು ಬರೆಯುತ್ತಾರೋ ಅವರೇ ಆಸ್ಥಾನದ ಚಿತ್ರಗಾರರು. ಕಣ್ಣು ಖಾಲಿ ಬಿಡುವವರು ಕೈಲಾಗದವರು. ಸಭೆಯ ದೊಡ್ಡ ಮನುಷ್ಯರೆಲ್ಲ ಓಣಿಯ ಚಿತ್ರಗಳನ್ನು ನೋಡಿ ನಕ್ಕರು.

ಆ ನಗು ಗಾಳೆವ್ವನಿಗೆ ಚುಚ್ಚಿತು. ಮನೆಗೆ ಬಂದು ಅವ್ವನ ಚಿತ್ರ ಬರೆಯಲು ಕೂತಳು. ಒಲೆಯ ಮುಂದೆ ಕೂತು ಏನೋ ಬೈಯಲು ಬಾಯಿ ತೆರೆದ ದ್ಯಾಮವ್ವ, ಕೆನ್ನೆಯ ಮೇಲಿನ ಮಚ್ಚೆ, ಜಾರಿದ ಸೆರಗು, ಎಲ್ಲ ಹಾಗೆಯೇ ಮೂಡಿತು. ದ್ಯಾಮವ್ವ ಬಗ್ಗಿ ನೋಡಿ, "ಚಂದ ಆಗೇತಿ. ಆದರ ಎಡಗಣ್ಣು ಮುಟ್ಟಬ್ಯಾಡ ನೋಡು. ಮುಟ್ಟಿದರ ಕೈ ಮುರೀತೀನಿ" ಎಂದು ಹೇಳಿ ಬಟ್ಟೆ ಒಗೆಯಲು ಹೊಳೆಗೆ ಹೋದಳು.

ಗಾಳೆವ್ವ ಕುಂಚ ಅದ್ದಿದಳು. ಎಡಗಣ್ಣಿಗೆ ಕರಿಗುಡ್ಡೆ ಇಟ್ಟೇಬಿಟ್ಟಳು. ಚಿತ್ರ ಹೊತ್ತು ಸಭೆಗೆ ಹೋದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ರಾಜನೂ ತಟ್ಟಿದ.

"ಇದೇನು?" ಎಂದು ಪಡಿಯಚ್ಚ ಕೇಳಿದ.

"ನಮ್ಮವ್ವ, ದ್ಯಾಮವ್ವ" ಎಂದಳು ಗಾಳೆವ್ವ, ಎದೆ ಉಬ್ಬಿಸಿಕೊಂಡು.

"ದ್ಯಾಮವ್ವ, ಬಾ" ಎಂದ ಪಡಿಯಚ್ಚ.

ಚಿತ್ರದ ತುಟಿ ಒಮ್ಮೆ ನಡುಗಿತು. ಆಗ ಗಾಳೆವ್ವನಿಗೆ ತಾನು ಏನು ಮಾಡಿದೆ ಎಂಬುದು ತಿಳಿಯಿತು. ಅವಳು ಓಡಿದಳು. ಹೊಳೆಯ ದಂಡೆಯಲ್ಲಿ ಅವ್ವ ಬೂದು ಬಣ್ಣವಾಗಿ ಕೂತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ಉಸಿರಾಡುತ್ತಿದ್ದಳು. ಕೈ ಹಿಡಿದು ಎಬ್ಬಿಸಿದರೆ ಎದ್ದಳು, ನಡೆಸಿದರೆ ನಡೆದಳು. ಗಾಳೆವ್ವ ಮನೆಗೆ ಕರೆತಂದು ಒಲೆಯ ಮುಂದೆ ಕೂರಿಸಿದಳು. "ಯವ್ವಾ, ನಾ ಕಣ್ಣು ತುಂಬಿದೆ. ಬೈಯಿ. ಕೈ ಮುರಿ" ಎಂದು ಅತ್ತಳು. ದ್ಯಾಮವ್ವ ಬೈಯಲಿಲ್ಲ. ಕೋಳಿ ಒಳಗೆ ಬಂದು ಜೋಳ ಕುಕ್ಕಿದರೂ ಬೈಯಲಿಲ್ಲ.

ಗಾಳೆವ್ವ ಕುಂಚ ಹಿಡಿದು ಮತ್ತೊಮ್ಮೆ ಅವ್ವನನ್ನು ಬರೆಯಲು ಹೋದಳು. ಕೈ ಏಳಲಿಲ್ಲ. ಗೆರೆ ಎಂದರೇ ಅಸಹ್ಯವಾಯಿತು. ಕುಂಚ ಮುರಿದು ಒಲೆಗೆ ಹಾಕಿದಳು. ಕೆಂಪು ಬಣ್ಣದ ಗಡಿಗೆಗೆ ಎರಡೂ ಕೈ ಅದ್ದಿ ಗೋಡೆಗೆ ಹೊಡೆದಳು. ಮತ್ತೆ ಹೊಡೆದಳು. ಕೆಂಪಿನ ಮೇಲೆ ಮಸಿ ಎಳೆದಳು, ಮಸಿ ಕೆಂಪನ್ನು ನುಂಗಲು ಹೋದಾಗ ಇನ್ನಷ್ಟು ಕೆಂಪು ತಂದು ತಡೆದಳು. ಗೋಡೆಯ ಮೇಲೆ ಮರವಿಲ್ಲ, ಹಕ್ಕಿಯಿಲ್ಲ, ಮನುಷ್ಯರಿಲ್ಲ. ಆದರೆ ಅದರ ಮುಂದೆ ನಿಂತರೆ ಹಲ್ಲು ಕಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಓಣಿಯವರು ಬಂದು ನೋಡಿದರು. "ಏನವ್ವಾ ಇದು? ಬೆಂಕಿ ಏನು?" ಎಂದ ಒಬ್ಬ. "ಕೂಸು ಮೆತ್ತಿಧಂಗ ಐತಿ. ಅವ್ವನ ಚಿಂತೀಗೆ ಹುಡುಗಿಗೆ ತಲಿ ಕೆಟ್ಟೈತಿ" ಎಂದಳು ಇನ್ನೊಬ್ಬಳು.

ಸುದ್ದಿ ತಿಳಿದು ಸಭೆಯವರ ಜೊತೆ ಪಡಿಯಚ್ಚನೂ ಬಂದ. "ಇದೇನು?" ಎಂದ. ಗಾಳೆವ್ವ ಅವನತ್ತ ಉರಿದು ನೋಡಿದಳು. "ಬೆಂಕಿಯೇ, ಬಾ" ಎಂದ. ಏನೂ ಆಗಲಿಲ್ಲ. "ರಕ್ತವೇ, ಬಾ" ಎಂದ. ಗೋಡೆ ಗೋಡೆಯಾಗಿಯೇ ಇತ್ತು. "ಸಂಜೆಯೇ, ಬಾ" ಎಂದ. ಬೆನ್ನ ಹಿಂದಿದ್ದ ಸಭೆಯವರು ಕಕ್ಕಾಬಿಕ್ಕಿಯಾದರು. ಪಡಿಯಚ್ಚ ಒಂದು ಹೆಜ್ಜೆ ಹಿಂದೆ ಸರಿದು, "ಇದು ಚಿತ್ರವೇ ಅಲ್ಲ" ಎಂದು ಗಟ್ಟಿಯಾಗಿ ಹೇಳಿದ. ಎಲ್ಲರೂ ನಕ್ಕು ಅವನ ಹಿಂದೆ ಹೋದರು.

ಎಷ್ಟು ಸುಲಭವಾಗಿ ಹೇಳಿಬಿಟ್ಟ ನೋಡಿ, ಚಿತ್ರವೇ ಅಲ್ಲವಂತೆ! ಹರಕು ಸೀರೆಗಳ ತುಂಡು ಸೇರಿಸಿ ಅಜ್ಜಿ ಹೊಲಿದ ಕೌದಿಯನ್ನು ಹೊದ್ದು ಮಲಗುವಾಗ ಇವರಲ್ಲಿ ಯಾರಾದರೂ "ಇದು ಯಾವ ಪ್ರಾಣಿ?" ಎಂದು ಕೇಳಿದ್ದಾರೆಯೇ? ಕೊಳಲು ಕೇಳಿ ಕಣ್ಣು ಒದ್ದೆಯಾದಾಗ "ಇದು ಯಾವ ಮರದ ಸದ್ದು?" ಎಂದು ಕೇಳಿದ್ದಾರೆಯೇ? ಕೌದಿಯ ನೀಲಿಗೂ ಹಳದಿಗೂ ಮೈಮರೆಯುವವರು ಗೋಡೆಯ ಮೇಲಿನ ಕೆಂಪಿಗೆ ಮಾತ್ರ ಹೆಸರು ಕೇಳುತ್ತಾರೆ.

ಎಲ್ಲರೂ ಹೋದ ಮೇಲೆ ಗಾಳೆವ್ವ ತಿರುಗಿ ನೋಡಿದಳು. ಒಲೆಯ ಮುಂದಿದ್ದ ಅವ್ವನ ಬೂದು ಕಣ್ಣು ಗೋಡೆಯ ಮೇಲಿತ್ತು. ಅವಳ ಬಲಗೈ ನಿಧಾನವಾಗಿ ಮುಷ್ಟಿ ಕಟ್ಟಿತು. ಎಳ್ಳಷ್ಟು ಬಣ್ಣ ಆ ಮುಷ್ಟಿಗೆ ಬಂದು ಹೋಯಿತು. ಗಾಳೆವ್ವನಿಗೆ ಅಷ್ಟು ಸಾಕಾಯಿತು. ಪಕ್ಕದ ಮನೆಯವರಿಗೆ ಅವ್ವನನ್ನು ನೋಡಿಕೊಳ್ಳಲು ಹೇಳಿ, ಬಣ್ಣದ ಕುಡಿಕೆಗಳನ್ನೂ ಬಿಳಿ ಬಳಿದ ಹಲಗೆಗಳನ್ನೂ ಬೆನ್ನಿಗೆ ಕಟ್ಟಿಕೊಂಡು, ಬೆಟ್ಟದ ಮೇಲಿನ ಪಡಿಯಚ್ಚನ ಮನೆಗೆ ಹೊರಟಳು.

ಬೆಟ್ಟದ ಬುಡದ ಬಾಗಿಲಲ್ಲಿ ಒಂದು ಗಿಳಿ ಕೂತಿತ್ತು. ಎತ್ತಿನಷ್ಟು ದೊಡ್ಡ ಗಿಳಿ. ಅದಕ್ಕೆ ಲೋಕದ ಎಲ್ಲ ವಸ್ತುಗಳ ಹೆಸರೂ ಗೊತ್ತಿತ್ತು.

"ಚಿತ್ರ ತೋರಿಸು. ನಾನು ಹೆಸರು ಹೇಳುತ್ತೇನೆ. ಹೇಳಿದರೆ ನೀನು ಅದೇ ಆಗುತ್ತೀಯ. ಹೇಳಲಾಗದಿದ್ದರೆ ಒಳಗೆ ಹೋಗು" ಎಂದಿತು ಗಿಳಿ.

ಗಾಳೆವ್ವ ಮನಸ್ಸಿನಲ್ಲೇ ನಕ್ಕಳು. ಇಷ್ಟೇ ತಾನೇ? ಏನಾದರೂ ಮೆತ್ತಿದರಾಯಿತು. ಕೈಗೆ ಸಿಕ್ಕ ಬಣ್ಣಗಳನ್ನು ಹಲಗೆಗೆ ಸುರಿದು, ಕಲಸಿ, ಎತ್ತಿ ಹಿಡಿದಳು.

"ಕೆಸರು!" ಎಂದಿತು ಗಿಳಿ.

ಗಾಳೆವ್ವನ ಪಾದ ಕೆಸರಾಯಿತು. ಕೆಸರು ಮೊಣಕಾಲಿನವರೆಗೆ ಏರಿತು. ಅವಳು ಹೆದರಿ ಹಲಗೆಯನ್ನು ಒರೆಸಿದಳು. ಕೆಸರು ಅಲ್ಲಿಗೇ ನಿಂತಿತು. "ಒಂದೇ ಒಂದು ಸಲ ಮತ್ತೆ ನೋಡುತ್ತೇನೆ" ಎಂದು ಗಿಳಿ ಕೊಕ್ಕು ಮಸೆಯಿತು.

ಆಗ ಅವಳಿಗೆ ಹೊಳೆಯಿತು. ಗೋಡೆಯ ಮೇಲೆ ಹೊಡೆದಾಗ ಒಳಗೆ ಸಿಟ್ಟು ಇತ್ತು. ಇಲ್ಲಿ ಒಳಗೆ ಏನೂ ಇರಲಿಲ್ಲ, ಬರೀ ಉಪಾಯ ಇತ್ತು. ಒಳಗಿಲ್ಲದೆ ಮೆತ್ತಿದ್ದು ಕೆಸರೇ ಸರಿ. ಅವಳು ಕಣ್ಣು ಮುಚ್ಚಿ ಈಗ ತನ್ನೊಳಗೆ ಏನಿದೆ ಎಂದು ಹುಡುಕಿದಳು. ಭಯ ಇತ್ತು. ಮೊದಲು ಮಸಿಗೆ ಕೈ ಹಾಕಿದಳು. ಭಯ ಎಂದರೆ ಕಪ್ಪು ಎಂದು ಎಲ್ಲರೂ ಹೇಳುತ್ತಾರಲ್ಲ. ಆದರೆ ಅವಳ ಭಯ ಕಪ್ಪಾಗಿರಲಿಲ್ಲ. ಅದು ತೆಳ್ಳಗೆ, ಹಸಿರು ಬೆರೆತ ಹಳದಿಯಾಗಿ, ಬಾಯಿಯ ರುಚಿ ಕೆಟ್ಟಾಗ ಇರುವ ಹಾಗೆ ಇತ್ತು. ಆ ಹಳದಿಯನ್ನು ಹಲಗೆಯ ತುಂಬ ಬಳಿದಳು. ಸುತ್ತ ತಣ್ಣನೆಯ ಬೂದಿಯನ್ನು ಒತ್ತಿದಳು. ಹಳದಿ ಎಲ್ಲೂ ಹೋಗಲಾಗದೆ ನಡುವೆ ನಡುಗುತ್ತ ಉಳಿಯಿತು.

"ಅರಿಶಿನ!" ಎಂದಿತು ಗಿಳಿ. ಏನೂ ಆಗಲಿಲ್ಲ. "ಹಣ್ಣೆಲೆ!" ಎಂದಿತು. ಏನೂ ಆಗಲಿಲ್ಲ. "ಕಾಮಾಲೆ!" ಎಂದಿತು. ಏನೂ ಆಗಲಿಲ್ಲ. ಹೆಸರುಗಳು ಮುಗಿದ ಮೇಲೆ ಗಿಳಿ ಸುಮ್ಮನಾಗಿ ಚಿತ್ರವನ್ನು ನೋಡಿತು. ಹೆಸರು ಹುಡುಕದೆ ನೋಡಿದ್ದು ಅದೇ ಮೊದಲು. ಅದರ ರೆಕ್ಕೆ ಮೈಗೆ ಅಂಟಿಕೊಂಡಿತು.

"ಹೆಸರು ತಪ್ಪಿದರೆ ಒಡೆಯ ನನ್ನ ಗರಿ ಕೀಳುತ್ತಾನೆ. ಆಗ ನನಗೆ ಹೀಗೆಯೇ ಆಗುತ್ತದೆ. ನಿನಗೆ ಯಾರು ಹೇಳಿದರು?" ಎಂದು ಗಿಳಿ ಕೇಳಿತು.

"ಯಾರೂ ಹೇಳಿಲ್ಲ. ನನಗೂ ಹಾಂಗ ಆಗೈತಿ" ಎಂದಳು ಗಾಳೆವ್ವ.

ಗಿಳಿ ಬಾಗಿಲು ಬಿಟ್ಟು ಹಾರಿಹೋಯಿತು. ಕೆಸರಾಗಿದ್ದ ಅವಳ ಕಾಲು ಮೊದಲಿನಂತಾಯಿತು.

ಬೆಟ್ಟದ ಮೇಲಿನ ಬಾಗಿಲಲ್ಲಿ ಒಂದು ಆನೆ ನಿಂತಿತ್ತು. ಪಡಿಯಚ್ಚನ ಇಡೀ ಮನೆ, ಗೋಪುರ, ಪ್ರಾಕಾರ, ಎಲ್ಲ ಆ ಆನೆಯ ಬೆನ್ನ ಮೇಲೆಯೇ ಇತ್ತು. ಅದರ ಕಾಲು ಬಂಡೆಯೊಳಗೆ ಹೂತಿತ್ತು.

"ನಾನು ಬಣ್ಣ ಕಾಣದವನು. ನನ್ನ ಕಣ್ಣಿಗೆ ಆಕಾರ ಮಾತ್ರ ಕಾಣುತ್ತದೆ. ಆಕಾರ ಯಾವುದರದ್ದು ಎಂದು ಗುರುತಿಸಿದರೆ ನಿನ್ನನ್ನು ತುಳಿಯಬೇಕು, ಅದು ನನಗಿರುವ ಅಪ್ಪಣೆ" ಎಂದಿತು ಆನೆ.

ಬಣ್ಣವಿಲ್ಲದೆ ಹೇಗೆ? ಗಾಳೆವ್ವ ಯೋಚಿಸಿದಳು. ಈಗ ಒಳಗೆ ಏನಿದೆ ಎಂದು ಮತ್ತೆ ಹುಡುಕಿದಳು. ಅವ್ವನ ಎಡಗಣ್ಣಿಗೆ ಇಟ್ಟ ಆ ಒಂದು ಬೊಟ್ಟು ಅವಳ ಎದೆಯ ಮೇಲೆ ಕೂತಿತ್ತು, ಇಳಿಸಲಾಗದ ಹೊರೆಯಾಗಿ. ಅವಳು ಮಸಿಯಿಂದ ಹೆಚ್ಚುಕಡಿಮೆ ಇಡೀ ಹಲಗೆಯನ್ನು ಒಂದೇ ದೊಡ್ಡ ಮುದ್ದೆಯಾಗಿ ತುಂಬಿದಳು. ಮುದ್ದೆಗೆ ಅಂಚು ಓರೆ ಮಾಡಿದಳು, ಈಗಲೋ ಆಗಲೋ ಜಾರುವ ಹಾಗೆ. ಕೆಳಗೆ ಮೂಲೆಯಲ್ಲಿ ಒಂದೇ ಒಂದು ಸಣ್ಣ ಬಿಳಿ ಚೂರು ಬಿಟ್ಟಳು. ಇಡೀ ಕಪ್ಪು ಆ ಚೂರಿನ ಮೇಲೆ ಬಂದು ನಿಂತಿತು. ಬಿಳಿ ಚೂರನ್ನು ಎಡಕ್ಕೆ ಇಟ್ಟಾಗ ಚಿತ್ರ ಸುಮ್ಮನೆ ಇತ್ತು. ಮಸಿ ಒರೆಸಿ ಅದನ್ನು ಒಂದು ಬೆರಳಷ್ಟು ಬಲಕ್ಕೆ ತಂದಾಗ ಅವಳ ಉಸಿರೇ ಕಟ್ಟಿತು. ಅಲ್ಲಿಗೇ ಬಿಟ್ಟಳು.

ಆನೆ ನೋಡಿತು. ಬಂಡೆ ಎನ್ನಲಿಲ್ಲ. ಮೋಡ ಎನ್ನಲಿಲ್ಲ. ನೋಡುತ್ತ ನೋಡುತ್ತ ಅದರ ಕಣ್ಣಿನಿಂದ ನೀರು ಇಳಿಯಿತು.

"ನಾನು ಹುಟ್ಟಿದಾಗಿನಿಂದ ಹೀಗೆಯೇ ನಿಂತಿದ್ದೇನೆ. ಇದು ಭಾರ ಎಂದು ಇವತ್ತೇ ತಿಳಿಯಿತು" ಎಂದಿತು ಆನೆ. "ಒಳಗೆ ಹೋಗು. ನೀನು ಹೊರಗೆ ಬರುವವರೆಗೆ ಹೊತ್ತು ನಿಲ್ಲುತ್ತೇನೆ. ಆಮೇಲೆ ಒಂದು ಗಳಿಗೆಯೂ ಇಲ್ಲ."

ಒಳಗೆ ದೊಡ್ಡ ಹಜಾರ. ಗೋಡೆ ಕಾಣದಷ್ಟು ಚಿತ್ರಗಳು. ಚಿತ್ರದೊಳಗಿನ ಮಾವು ಘಮಘಮಿಸುತ್ತಿತ್ತು, ಹಸು ಅಂಬಾ ಎನ್ನುತ್ತಿತ್ತು, ಬಾವಿಯ ನೀರು ಕುಲುಕುತ್ತಿತ್ತು. ಇಡೀ ರಾಜ್ಯದ ಸವಿಯೆಲ್ಲ ಒಬ್ಬನ ಗೋಡೆಗೆ ನೇತು ಬಿದ್ದಿತ್ತು! ಎಲ್ಲಕ್ಕೂ ಎತ್ತರದಲ್ಲಿ ದ್ಯಾಮವ್ವನ ಚಿತ್ರ. ಬೈಯಲು ತೆರೆದ ಬಾಯಿ ತೆರೆದೇ ಇತ್ತು. ಅದರ ಕೆಳಗೆ ಪಡಿಯಚ್ಚ ಕೂತಿದ್ದ. ಅವತ್ತು ರಾಜನೂ ಸಭೆಯವರೂ ಅತಿಥಿಗಳಾಗಿ ಬಂದು ಗೋಡೆಯ ಚಂದ ನೋಡುತ್ತಿದ್ದರು. ತಮ್ಮ ಮನೆಯ ಹಾಲಿನ ಕೆನೆಯನ್ನೇ ನೋಡಿ ಅವರು ವಾಹವಾ ಎನ್ನುತ್ತಿದ್ದರು.

"ನಮ್ಮವ್ವನ್ನ ಕೊಡು" ಎಂದಳು ಗಾಳೆವ್ವ.

ಪಡಿಯಚ್ಚ ನಕ್ಕ. "ಕೊಡುತ್ತೇನೆ. ನಿನ್ನ ತಾಯಿಯನ್ನು ಇಲ್ಲಿ ಬರೆ. ಆದರೆ ಮುಖ ಇರಬಾರದು, ಗೆರೆ ಇರಬಾರದು, ಸೀರೆ ಸೆರಗು ಏನೂ ಇರಬಾರದು. ಗೋಡೆಯ ಮೇಲಿರುವ ಅವಳು ಅದನ್ನು ನೋಡಿ ತಾನೇ ಎಂದು ಒಪ್ಪಿದರೆ ಕರೆದುಕೊಂಡು ಹೋಗು. ಒಪ್ಪದಿದ್ದರೆ ನೀನೂ ಅವಳ ಪಕ್ಕಕ್ಕೆ."

ಸಭೆ ನಕ್ಕಿತು. ಮುಖವೇ ಇಲ್ಲದೆ ತಾಯಿಯಂತೆ! ರಾಜ ಮೊದಲು ಆ ಕಡೆ ಈ ಕಡೆ ನೋಡಿ, ಆಮೇಲೆ ತಾನೂ ನಕ್ಕ.

ಗಾಳೆವ್ವ ಇದ್ದುದರಲ್ಲಿ ದೊಡ್ಡ ಹಲಗೆ ತೆಗೆದಳು. ತಾಯಿ ಎಂದರೆ ಮೃದು, ತಾಯಿ ಎಂದರೆ ತಂಪು ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದಳು. ತಾವರೆಯ ನಸುಗೆಂಪು ಬಳಿದಳು, ಅದಕ್ಕೆ ಹಾಲು ಬಿಳಿ ಬೆರೆಸಿದಳು, ಅಂಚುಗಳನ್ನೆಲ್ಲ ಬೆರಳಿನಿಂದ ಸವರಿ ಮೆತ್ತಗೆ ಮಾಡಿದಳು. ಚಿತ್ರ ಮುದ್ದಾಗಿತ್ತು. ಸಭೆಯ ಹೆಂಗಸೊಬ್ಬಳು ಪರವಾಗಿಲ್ಲ ಎಂದಳು ಕೂಡ. ಗೋಡೆಯ ಮೇಲಿನ ದ್ಯಾಮವ್ವ ಮಿಸುಕಲಿಲ್ಲ.

ಗಾಳೆವ್ವ ನಿಂತು ತಾನು ಬರೆದಿದ್ದನ್ನು ನೋಡಿದಳು. ಇದು ಯಾರವ್ವ? ನಮ್ಮವ್ವ ಯಾವಾಗ ಹೀಗಿದ್ದಳು? ಅವಳಿಗೆ ತನ್ನ ಮೇಲೇ ಅಸಾಧ್ಯ ಕೋಪ ಬಂತು. ಅಂಗೈಯಿಂದ ಆ ನಸುಗೆಂಪನ್ನೆಲ್ಲ ಉಜ್ಜಿ ಹಾಕಿದಳು.

ಈ ಸಲ ಅವಸರ ಮಾಡಲಿಲ್ಲ. ಸುಟ್ಟ ಇಟ್ಟಿಗೆಯ ಕಂದು ತೆಗೆದುಕೊಂಡು ಹಲಗೆಯ ತುಂಬ ಒರಟಾಗಿ ಬಳಿದಳು, ಬೆರಳಿನ ಗುರುತು ಹಾಗೇ ಬಿಟ್ಟಳು. ಅದು ಬಣ್ಣ ಅರೆದು ಒಡೆದ ಅಂಗೈ ಕೆನ್ನೆಗೆ ತಾಗಿದ ಹಾಗಿತ್ತು. ಕೆಳಗಿನಿಂದ ಕೆಂಪನ್ನು ಮೇಲಕ್ಕೆ ತಳ್ಳಿದಳು, ಅಲ್ಲಲ್ಲಿ ಅದು ಸಿಡಿದು ಹೊರಗೆ ಬಂತು. ಸಿಡಿದ ಕಡೆಯಲ್ಲೆಲ್ಲ ಪಕ್ಕದಲ್ಲೇ ಬೆಣ್ಣೆಯಂಥ ಹಳದಿಯ ಸಣ್ಣ ಸಣ್ಣ ತುಣುಕು ಇಟ್ಟಳು. ಬೈಗುಳವೂ ಅಕ್ಕರೆಯೂ ಅವ್ವನಿಂದ ಎಂದೂ ಬೇರೆ ಬೇರೆ ಬಂದಿರಲಿಲ್ಲ. ಕೊನೆಗೆ ಗಟ್ಟಿ ನೀಲಿಯದೊಂದು ಚೌಕ. ಯಾರು ಎಷ್ಟು ತಳ್ಳಿದರೂ ಕದಲದ ನೀಲಿ. ಎಲ್ಲ ಬಣ್ಣಗಳೂ ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ಇಷ್ಟು ಹೊತ್ತಿಗೆ ಹಲಗೆಯಲ್ಲಿ ಬೇರೆ ಎಲ್ಲೂ ಜಾಗ ಇರಲಿಲ್ಲ, ಅವಳು ಅದನ್ನು ಬಲ ಮೂಲೆಯಲ್ಲಿ ಇಟ್ಟಳು. ಇಡುವಾಗ ಅವಳ ಕಣ್ಣೀರು ಬಣ್ಣಕ್ಕೆ ಬಿತ್ತು. ಅದನ್ನು ಒರೆಸಲಿಲ್ಲ.

ಪಡಿಯಚ್ಚ ತುಟಿ ತೆರೆದ. ಅಷ್ಟರಲ್ಲಿ ಮೇಲಿನಿಂದ ಒಂದು ದನಿ ಬಂತು.

"ಅದ್ಯಾಕ ಆ ನೀಲೀನ ಮೂಲೀಗೆ ದೂಡೀದಿ? ನಾನೇನು ಮೂಲ್ಯಾಗ ಕುಂದ್ರಾಕಿ ಏನ?"

ಗೋಡೆಯ ಮೇಲಿನ ಚಿತ್ರದ ಕಣ್ಣು ಅಲುಗಿತು. ದ್ಯಾಮವ್ವ ಗೋಡೆಯ ಮೇಲಿನಿಂದ ಒಂದು ಕಾಲು ಹೊರಗಿಟ್ಟಳು, ಇನ್ನೊಂದು ಕಾಲೂ ಹೊರಗಿಟ್ಟಳು, ಸೆರಗು ಸರಿ ಮಾಡಿಕೊಂಡು ನೆಲಕ್ಕೆ ಇಳಿದಳು. ಆ ಹೊತ್ತಿಗೇ ಮನೆಯಲ್ಲಿ ಒಲೆಯ ಮುಂದಿದ್ದ ಬೂದು ಮೈ ಕರಗಿ ಇವಳೊಳಗೆ ಬಂದು ಸೇರಿತು. ಅವಳು ನೇರ ಚಿತ್ರದ ಹತ್ತಿರ ಬಂದು, ಹಸಿ ನೀಲಿಯನ್ನು ಅಂಗೈಯಿಂದ ಎಳೆದು ನಡುವಿಗೆ ತಂದಳು. ಕೆಂಪು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಚಿತ್ರ ಈಗ ಸರಿಯಾಗಿ ಉಸಿರಾಡಿತು.

"ಹಾಂ, ಈಗ ನಾನು" ಎಂದಳು ದ್ಯಾಮವ್ವ.

ಪಡಿಯಚ್ಚ ಎದ್ದು ನಿಂತ. "ಮೋಸ! ಇದಕ್ಕೆ ಹೆಸರಿಲ್ಲ! ಹೆಸರಿಲ್ಲದ್ದು ಇರಲೇಬಾರದು! ಹೇಳು, ಇದೇನು? ಇದೇನು?" ಎಂದು ಅರಚಿದ. ರಾಜ ಅಭ್ಯಾಸಬಲದಿಂದ ತಲೆದೂಗಿದ.

ಗಾಳೆವ್ವನ ಮೈ ಉರಿದುಹೋಯಿತು. ಅವಳು ಮಾಂತ್ರಿಕನ ಮುಂದೆ ಹೋಗಿ ನಿಂತಳು.

"ಮಾವಿನ ಮರ ತಿಂದಿ. ಬಾವಿ ತಿಂದಿ. ಹಸು ತಿಂದಿ. ನಮ್ಮವ್ವನ್ನ ತಿಂದಿ. ಒಂದರ ರುಚಿಯಾದರೂ ನಿನಗ ಹತ್ತೇತೇನು? ಬರೀ ಹೆಸರು ಕೂಡಿಟ್ಟಿ. ಇದಕ್ಕೂ ಹೆಸರು ಬೇಕೇನು? ತಗೋ. ಇದರಾಗ ಸಿಟ್ಟೈತಿ. ನೀನು ಕಸಗೊಂಡ ಎಲ್ಲಾರ ಸಿಟ್ಟೂ ಐತಿ. ಕರಿ ನೋಡೂಣು!"

ಪಡಿಯಚ್ಚನಿಗೆ ಹೆಸರು ಸಿಕ್ಕಿತು. ಹೆಸರು ಸಿಕ್ಕರೆ ಕರೆಯದೆ ಇರುವುದು ಅವನ ಜಾಯಮಾನದಲ್ಲೇ ಇರಲಿಲ್ಲ. "ಸಿಟ್ಟೇ, ಬಾ!" ಎಂದು ಕೂಗಿದ.

ಸಿಟ್ಟು ಬಂತು. ಅದು ಮರವಲ್ಲ, ಹಸುವಲ್ಲ, ಗೋಡೆಗೆ ನೇತು ಹಾಕುವ ವಸ್ತುವಲ್ಲ. ಸಿಟ್ಟಿಗೆ ಇರಲು ಒಂದು ಎದೆ ಬೇಕು. ಕರೆದವನ ಎದೆ ಖಾಲಿ ಬಿದ್ದಿತ್ತು. ಅದು ಅಲ್ಲಿಗೇ ನುಗ್ಗಿತು. ರುಚಿ ಕಳೆದುಕೊಂಡ ಮಕ್ಕಳ ಸಿಟ್ಟು, ಗರಿ ಕೀಳಿಸಿಕೊಂಡ ಗಿಳಿಯ ಸಿಟ್ಟು, ಹೊಳೆಯ ದಂಡೆಯಲ್ಲಿ ಒದ್ದೆ ಬಟ್ಟೆ ಹಿಡಿದು ಕೂತ ದ್ಯಾಮವ್ವನ ಸಿಟ್ಟು, ಎಲ್ಲ ಒಂದರ ಹಿಂದೊಂದು ನುಗ್ಗಿದವು. ಎಂದೂ ಏನೂ ಅನುಭವಿಸದ ಎದೆ ಅದು, ತಡೆಯಲಿಲ್ಲ. ಪಡಿಯಚ್ಚನ ಮೈಯ ಬಣ್ಣ ಸೋರಿಹೋಯಿತು. ಮಾಂಸ ಹೋಯಿತು, ಬಟ್ಟೆ ಹೋಯಿತು. ಕೊನೆಗೆ ಅವನ ಮೈಯ ಸುತ್ತಿನ ಗೆರೆ ಮಾತ್ರ ಗಾಳಿಯಲ್ಲಿ ನಿಂತಿತ್ತು. ಕಿಟಕಿಯಿಂದ ಗಾಳಿ ಬೀಸಿದಾಗ ಅದೂ ಅಳಿಸಿಹೋಯಿತು.

ಆ ಕ್ಷಣವೇ ಗೋಡೆಯ ಚಿತ್ರಗಳೆಲ್ಲ ಬಿಚ್ಚಿಕೊಂಡವು. ಮಾವಿನ ಸಿಹಿ ಮಾವಿಗೆ ಹೋಯಿತು. ತಂಪು ಬಾವಿಗೆ ಇಳಿಯಿತು. ಎಲ್ಲರೂ ಹೊರಗೆ ಓಡಿಬಂದ ಮೇಲೆ ಆನೆ ಒಮ್ಮೆ ಮೈ ಕೊಡವಿತು. ಮನೆ, ಗೋಪುರ, ಪ್ರಾಕಾರ ಕುಸಿದು ಕಲ್ಲುರಾಶಿಯಾಯಿತು. ಆನೆ ಬಂಡೆಯಿಂದ ಕಾಲು ಕಿತ್ತುಕೊಂಡು ಕಾಡಿನ ಕಡೆ ನಡೆಯಿತು.

ರಾಜ ಸೋಮಾಂಕ ಧೂಳು ಕೊಡವಿಕೊಂಡು, "ಭಲೇ ಹುಡುಗಿ! ಇನ್ನು ನೀನೇ ಆಸ್ಥಾನದ ಚಿತ್ರಗಾರ್ತಿ. ಆದರೆ ಆ ಚಿತ್ರದ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳು" ಎಂದ.

"ಮಹಾರಾಜರ, ನಾ ನಮ್ಮವ್ವನ ಎಡಗಣ್ಣು ತುಂಬಿ ತಂದಾಗ ನೀವು ಚಪ್ಪಾಳಿ ತಟ್ಟಿದ್ರಿ" ಎಂದಳು ಗಾಳೆವ್ವ. ಹೊತ್ತು ತಂದಿದ್ದ ಚಿತ್ರವನ್ನು ಅವನ ಮುಂದೆ ಒಂದು ಕಲ್ಲಿಗೆ ಒರಗಿಸಿದಳು. "ಅರ್ಥ ನಾ ಹೇಳೂದಿಲ್ಲ. ಇದರ ಮುಂದ ನಿಂದರ್ರಿ. ಯಾರನ್ನೂ ಕೇಳಬ್ಯಾಡ್ರಿ. ನಿಮಗ ಏನಾಕ್ಕೈತಿ ನೋಡಿಕೊಳ್ರಿ."

ರಾಜ ನಿಂತ. ಮೊದಲು ಮಂತ್ರಿಯ ಮುಖ ನೋಡಿದ. ಮಂತ್ರಿ ನೆಲ ನೋಡುತ್ತಿದ್ದ. ಆಮೇಲೆ ಚಿತ್ರವನ್ನೇ ನೋಡಿದ. ಬಿಸಿಲು ಏರಿತು. ಕದಲದ ಆ ನೀಲಿಯ ಮುಂದೆ ನಿಂತಾಗ, ತನ್ನ ಬಾಳಿನಲ್ಲಿ ತಾನು ಒಮ್ಮೆಯೂ ಹಾಗೆ ನಿಂತಿಲ್ಲ ಎಂಬುದು ಅವನಿಗೆ ನಿಧಾನವಾಗಿ ತಿಳಿಯತೊಡಗಿತು. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. ಯಾರೂ ಹೇಳಿಕೊಡದೆ ಅವನಿಗೆ ಸಿಕ್ಕ ಮೊದಲ ತಿಳಿವು ಅದು. ಅವನು ಕಿರೀಟ ತೆಗೆದು ದ್ಯಾಮವ್ವನ ಕಾಲು ಮುಟ್ಟಿದ. ಅವಳು ಅವನಿಗೂ ನಾಲ್ಕು ಮಾತು ಬೈದಳು. ಅವನು ತಲೆದೂಗಲಿಲ್ಲ, ತಲೆ ತಗ್ಗಿಸಿದ.

ತಾಯಿ ಮಗಳು ಬೆಟ್ಟ ಇಳಿದರು. ದಾರಿಯುದ್ದಕ್ಕೂ ದ್ಯಾಮವ್ವನ ಬಾ‌ಯಿ ನಿಲ್ಲಲಿಲ್ಲ. ಎಡಗಣ್ಣು ಮುಟ್ಟಿದ್ದಕ್ಕೆ ಬೈದಳು, ಹೇಳದೆ ಕೇಳದೆ ಬೆಟ್ಟ ಹತ್ತಿದ್ದಕ್ಕೆ ಬೈದಳು, ಒಳ್ಳೆಯ ಕುಂಚ ಮುರಿದು ಒಲೆಗೆ ಹಾಕಿದ್ದಕ್ಕೆ ಬೈದಳು. ಗಾಳೆವ್ವ ಹಿಂದೆ ಹಿಂದೆ ನಡೆಯುತ್ತ ಅಳುತ್ತಿದ್ದಳು.

"ಯಾಕ ಅಳತಿ? ಇಷ್ಟು ಬೈದಿದ್ದು ಹೆಚ್ಚಾತೇನು?" ಎಂದು ದ್ಯಾಮವ್ವ ತಿರುಗಿ ಕೇಳಿದಳು.

"ಇಲ್ಲ ಯವ್ವಾ" ಎಂದಳು ಗಾಳೆವ್ವ. "ಮನಿ ಇನ್ನೂ ದೂರ ಐತಿ. ನಿಲ್ಲಿಸಬ್ಯಾಡ."

ಆಮೇಲೆ ಮುಗಿಲಕೋಟೆಯಲ್ಲಿ ಹಾಲು ಕೆನೆಗಟ್ಟಿತು, ಮಲ್ಲಿಗೆ ಘಮಘಮಿಸಿತು, ಓಣಿಯ ಗೋಡೆಗಳ ಮೇಲೆ ಹೆಸರಿಲ್ಲದ ಬಣ್ಣಗಳು ತುಂಬಿದವು. ತಾಯಿ ಬೈಯುತ್ತ, ಮಗಳು ಬಣ್ಣ ಅರೆಯುತ್ತ, ಹೊಟ್ಟೆ ತುಂಬ ಉಂಡು ಕಣ್ಣು ತುಂಬ ನೋಡಿ, ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು.